ಎಮ್ಮೆ ಹೊರಗೆ, ಹುಲ್ಲು ಒಳಗೆ
(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಬಾಗಿಲು ಹಾಕಿ ಬಂದವರಿಗೆ ಹಕ್ಕಿಗಳ ಜೌಗಿನ ಕಥೆಯೇಕೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಈ ಕಥೆಯಲ್ಲಿ ಹಕ್ಕಿಯಿದೆ, ಕಳೆಯಿದೆ. ಲೆಕ್ಕಕ್ಕೆ ಬಾರದ ದುಡಿಮೆಯೂ ಇದೆ.

ರಾಜಸ್ಥಾನದ ಭರತಪುರದ ಬಳಿ ಕೇವಲಾದೇವ ಎಂಬ ಜೌಗು ಪ್ರದೇಶವಿದೆ. ಸುಮಾರು 29 ಚದರ ಕಿಲೋಮೀಟರ್. ಬಾತುಗಳ ಬೇಟೆಗೆಂದು ಅಲ್ಲಿನ ಮಹಾರಾಜರು ಒಡ್ಡು ಕಟ್ಟಿಸಿ ನೀರು ನಿಲ್ಲಿಸಿದ ಜಾಗ ಅದು. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿದರು; ಆ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿಯೂ ಇಟ್ಟರು. ಅದೇ ನೀರಿನಲ್ಲಿ ಸುತ್ತಣ ಹಳ್ಳಿಗಳ ಎಮ್ಮೆಗಳೂ ಮೇಯುತ್ತಿದ್ದವು. ಅವುಗಳ ಲೆಕ್ಕವನ್ನು ಯಾರೂ ಕೆತ್ತಿಸಲಿಲ್ಲ.

1980ರ ದಶಕದ ಆರಂಭದಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1972ರ ವನ್ಯಜೀವಿ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯುವಂತಿಲ್ಲ. ಎಮ್ಮೆ ಹೋದರೆ ಹಕ್ಕಿ ಹೆಚ್ಚುತ್ತದೆಂದು ಬಲ್ಲವರೂ ನಂಬಿದ್ದರು. 1982ರಲ್ಲಿ ಮೇವು ನಿಷೇಧವಾಯಿತು. ತಲೆಮಾರುಗಳಿಂದ ಎಮ್ಮೆ ಅಟ್ಟುತ್ತಿದ್ದ ಜನ ತಿರುಗಿ ನಿಂತರು. ಗೋಲೀಬಾರು ನಡೆದು ಹಳ್ಳಿಗರು ಸತ್ತರು.

ಆಮೇಲೆ ಏನಾಯಿತು? ಹುಲ್ಲು ಎದ್ದಿತು! ಪಾಸ್ಪೇಲಂ ಎಂಬ ಆ ಹುಲ್ಲು ಗಂಟುಗಂಟಿನಲ್ಲೂ ಬೇರು ಬಿಡುತ್ತ, ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬುತ್ತದೆ. ಎಮ್ಮೆ ನೀರಿಗಿಳಿದು ಅದನ್ನು ತಿನ್ನುತ್ತಿತ್ತು, ತುಳಿಯುತ್ತಿತ್ತು, ಹೊರಳಾಡಿ ನೀರನ್ನು ಬಯಲು ಮಾಡುತ್ತಿತ್ತು. ಎಮ್ಮೆ ಹೋಯಿತು, ಬಯಲು ನೀರು ಮುಚ್ಚಿತು. ಬಾತುಗಳಿಗೆ ಇಳಿಯಲು ತಾವಿಲ್ಲದಾಯಿತು. ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರಿಂದ 1990ರವರೆಗೆ ಅಲ್ಲೇ ಕುಳಿತು ಅಧ್ಯಯನ ಮಾಡಿ, ಎಮ್ಮೆ ಆ ಜೌಗಿನ ಅಂಗವೇ ಆಗಿತ್ತೆಂದು ತೋರಿಸಿಕೊಟ್ಟರು.

ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗಗಳ ನಡುವೆ ಹತ್ತಿಯ ಧೂಳು ಗುಡಿಸುವವನು ಏನು ಮಾಡುತ್ತಾನೆಂದು ಆಫೀಸಿನಲ್ಲಿ ಕೇಳಿದರೆ, ಏನೂ ಇಲ್ಲ ಎಂದಾರು. ಅವನನ್ನು ಒಂದು ವಾರ ಮನೆಗೆ ಕಳಿಸಿ ನೋಡಲಿ.

ಹಾಗೆಂದು ಎಷ್ಟು ಬೇಕಾದರೂ ದನ ನುಗ್ಗಲಿ ಎಂದು ನಾನು ಹೇಳುವುದಿಲ್ಲ. ಮಿತಿಮೀರಿ ಮೇಯಿಸಿದರೆ ದಡದ ಗೂಡುಗಳೂ ಉಳಿಯವು, ಹುಲ್ಲೂ ಉಳಿಯದು. ಎಷ್ಟು, ಯಾವಾಗ, ಯಾವ ಭಾಗದಲ್ಲಿ ಎಂಬುದನ್ನು ಮೇಯಿಸುವವರ ಜೊತೆ ಕುಳಿತು ಗೊತ್ತುಮಾಡಬೇಕಿತ್ತು. ಗೋಡೆ ಕಟ್ಟುವುದು ಸುಲಭವೆನಿಸಿತು.

ನಿಷೇಧದ ನಂತರ ಆ ಹಳ್ಳಿಯವರನ್ನೇ ಕುಡುಗೋಲು ಹಿಡಿದು ಹುಲ್ಲು ಕೊಯ್ಯಲು ಒಳಗೆ ಬಿಡಬೇಕಾಯಿತು. ನೀರು ಕಡಮೆಯಾದ ವರ್ಷಗಳಲ್ಲಿ ಇನ್ನೊಂದು ಶನಿ ಹೊಕ್ಕಿತು: ಅಮೆರಿಕ ಖಂಡದಿಂದ ಬಂದ ಮುಳ್ಳಿನ ಮರ. ನಮಗೆ ಹೊಸದೇನಲ್ಲ, ಬಳ್ಳಾರಿ ಜಾಲಿಯೇ ಅದು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಹಿತ ಅಗೆಯಬೇಕು. ಅಗೆದವರು ಯಾರು? ಸುತ್ತಣ ಹಳ್ಳಿಗರೇ. ಅಗೆದ ಕಟ್ಟಿಗೆ ಅವರಿಗೇ ಎಂದು ಒಪ್ಪಂದವಾದ ಮೇಲೆ ಕೆಲಸ ಸಾಗಿತು. ಗುಂಡಿನಿಂದ ಆಗದ್ದು ಒಂದು ಹೊರೆ ಸೌದೆಯಿಂದ ಆಯಿತು.

ಈಗ ನಮ್ಮ ಕಡೆಗೆ ಬರೋಣ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅದೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಇವು ರಾಷ್ಟ್ರೀಯ ಉದ್ಯಾನಗಳಲ್ಲ, ಸಂರಕ್ಷಣಾ ಮೀಸಲುಗಳು. ಇಂಥ ಮೀಸಲನ್ನು ಘೋಷಿಸುವ ಮೊದಲು ಸ್ಥಳೀಯರನ್ನು ಕೇಳಬೇಕೆಂದು ಕಾಯಿದೆಯೇ ಹೇಳುತ್ತದೆ. ನಿರ್ವಹಣಾ ಸಮಿತಿಯಲ್ಲಿ ಮೀಸಲಿನ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸ್ಥಾನವಿದೆ.

ಆ ಸ್ಥಾನದಲ್ಲಿ ಯಾರು ಕೂರುತ್ತಾರೆ? ಕೆರೆಯ ನೀರನ್ನು ಕಾರಿನಿಂದ ನೋಡುವ ಗುತ್ತಿಗೆದಾರರೋ, ಅಥವಾ ದಿನಾ ಅದರ ದಡದಲ್ಲಿ ಎಮ್ಮೆ ಕಾಯುವವರೋ? ನಿಮ್ಮಲ್ಲಿ ಅನೇಕರಿಗೆ ಇಂದಿಗೂ ಹಳ್ಳಿಯಲ್ಲಿ ಮನೆಯಿದೆ, ಅಲ್ಲಿನ ಪಟ್ಟಿಯಲ್ಲಿ ಹೆಸರಿದೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಕೆರೆಗೆ ಇಂಥ ಸಮಿತಿಯಿದೆಯೇ, ಇದ್ದರೆ ಅದರಲ್ಲಿ ಯಾರ ಹೆಸರಿದೆ ಎಂದು ಪಂಚಾಯಿತಿ ಕಚೇರಿಯಲ್ಲಿ ಕೇಳಿ, ಬರೆದುಕೊಂಡು ಬನ್ನಿ.