ಕಿರುತೆರೆಯ ಪ್ರಯೋಗಾಲಯ ಮತ್ತು ನ್ಯಾಯಾಲಯದ ಸಾಕ್ಷ್ಯ



ಕಿರುತೆರೆಯ ಅಪರಾಧ ಕಥನವು ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಮೇಲೆ ಬೀರುವ ಪ್ರಭಾವದ ಚರ್ಚೆ ಎರಡು ದಶಕಗಳಿಂದ ಒಂದೇ ಹೆಸರಿನ ಸುತ್ತ ನಡೆದಿದೆ. ‘ಸಿಎಸ್‌ಐ: ಕ್ರೈಮ್ ಸೀನ್ ಇನ್ವೆಸ್ಟಿಗೇಷನ್’ ಎಂಬ ಧಾರಾವಾಹಿ 2000ದ ಅಕ್ಟೋಬರ್ 6ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾಗಿ, ಲಾಸ್ ವೇಗಾಸ್ ನಗರದ ಅಪರಾಧ ಪ್ರಯೋಗಾಲಯವೊಂದರ ಸಿಬ್ಬಂದಿಯನ್ನೇ ಕಥಾನಾಯಕರನ್ನಾಗಿ ಮಾಡಿಕೊಂಡು 2015ರವರೆಗೆ ನಡೆಯಿತು. ಇದನ್ನು ನೋಡಿ ಬೆಳೆದ ಜ್ಯೂರಿ ಸದಸ್ಯರು, ಅಂದರೆ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ನಿರ್ಣಯಿಸಲು ಜನಸಾಮಾನ್ಯರಿಂದ ಆರಿಸಲ್ಪಟ್ಟವರು, ಪ್ರತಿಯೊಂದು ಮೊಕದ್ದಮೆಯಲ್ಲೂ ಡಿಎನ್‌ಎ, ಬೆರಳಚ್ಚು ಮುಂತಾದ ವೈಜ್ಞಾನಿಕ ಸಾಕ್ಷ್ಯವನ್ನು ನಿರೀಕ್ಷಿಸುತ್ತಾರೆ, ಅದು ಸಿಗದಿದ್ದರೆ ಆರೋಪಿಯನ್ನು ಬಿಟ್ಟುಬಿಡುತ್ತಾರೆ ಎಂಬ ಆತಂಕಕ್ಕೆ ‘ಸಿಎಸ್‌ಐ ಪರಿಣಾಮ’ ಎಂಬ ಹೆಸರು ಬಿತ್ತು. ಈ ಆತಂಕ ತಪ್ಪು ದಿಕ್ಕಿನತ್ತ ಬೊಟ್ಟು ಮಾಡಿತು, ನಿಜವಾದ ಅಪಾಯ ಬೇರೆ ಕಡೆಯಲ್ಲಿದೆ ಎಂಬುದೇ ಈ ಭಾಷಣದ ಪ್ರಮೇಯ.

ನ್ಯಾಯಾಲಯದ ಮೇಲೆ ತೆರೆಯ ನೆರಳು ಬಿದ್ದದ್ದು ಅದೇ ಮೊದಲಲ್ಲ. 1957ರಿಂದ 1966ರವರೆಗೆ ಪ್ರಸಾರವಾದ ‘ಪೆರ್ರಿ ಮೇಸನ್’ ಧಾರಾವಾಹಿಯಲ್ಲಿ ವಕೀಲನ ಪಾಟಿ ಸವಾಲಿಗೆ ತತ್ತರಿಸಿದ ನಿಜವಾದ ಅಪರಾಧಿ ತುಂಬಿದ ನ್ಯಾಯಾಲಯದಲ್ಲೇ ತಪ್ಪೊಪ್ಪಿಕೊಳ್ಳುವುದು ವಾಡಿಕೆಯಾಗಿತ್ತು. ನಿಜ ಜೀವನದ ವಕೀಲರಿಂದಲೂ ಅಂಥದ್ದನ್ನೇ ಜನ ಬಯಸತೊಡಗಿದರೆಂಬ ದೂರು ಆಗಲೇ ಇತ್ತು. ಬಂಧಿತನಿಗೆ ಮೌನವಾಗಿರುವ ಹಕ್ಕಿದೆ, ವಕೀಲರನ್ನು ಪಡೆಯುವ ಹಕ್ಕಿದೆ ಎಂದು ಪೊಲೀಸರು ತಿಳಿಸಲೇಬೇಕೆಂಬ ಮಿರಾಂಡಾ ನಿಯಮವು ರಾಷ್ಟ್ರೀಯ ಸಂಸ್ಕೃತಿಯ ಭಾಗವೇ ಆಗಿಬಿಟ್ಟಿದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 2000ದಲ್ಲಿ ಡಿಕರ್ಸನ್ ಪ್ರಕರಣದಲ್ಲಿ ಗುರುತಿಸಿತು. ಆ ನಿಯಮದ ಮಾತುಗಳು ಅಲ್ಲಿನ ಸಾಮಾನ್ಯರಿಗೆ ಬಾಯಿಪಾಠವಾದದ್ದು ಬಹುಮಟ್ಟಿಗೆ ಪೊಲೀಸ್ ಧಾರಾವಾಹಿಗಳಿಂದಲೇ ಎಂಬುದನ್ನು ಗಮನಿಸಿದರೆ, ಈ ಪ್ರಭಾವವೆಲ್ಲ ಕೆಟ್ಟದ್ದೆಂದು ತಳ್ಳಿಹಾಕಲಾಗದು.

ಸಿಎಸ್‌ಐ ಕುರಿತ ಆತಂಕ ಪ್ರಬಲವಾದದ್ದು ಸರ್ಕಾರಿ ಅಭಿಯೋಜಕರಿಂದ. 2005ರಲ್ಲಿ ಅರಿಜೋನಾ ರಾಜ್ಯದ ಮ್ಯಾರಿಕೋಪಾ ಕೌಂಟಿಯ ಅಭಿಯೋಜಕರ ನಡುವೆ ನಡೆದ ಸಮೀಕ್ಷೆಯಲ್ಲಿ ಶೇ. 38ರಷ್ಟು ಮಂದಿ, ವೈಜ್ಞಾನಿಕ ಸಾಕ್ಷ್ಯವಿಲ್ಲದ ಕಾರಣಕ್ಕೇ ತಮ್ಮ ಕನಿಷ್ಠ ಒಂದು ಮೊಕದ್ದಮೆಯಲ್ಲಿ ಆರೋಪಿಯ ಖುಲಾಸೆಯಾಯಿತು ಅಥವಾ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ ಎಂದು ಹೇಳಿಕೊಂಡರು. ಅದೇ ವರ್ಷ ಪತ್ನಿಯ ಕೊಲೆಯ ಆರೋಪದಿಂದ ನಟ ರಾಬರ್ಟ್ ಬ್ಲೇಕ್ ಖುಲಾಸೆಯಾದಾಗಲೂ ಇದೇ ವಿವರಣೆ ಮುಂದೆ ಬಂತು. ಆದರೆ ಆ ಮೊಕದ್ದಮೆಯಲ್ಲಿ ಅಭಿಯೋಜನೆಯ ಮುಖ್ಯ ಸಾಕ್ಷಿಗಳ ವಿಶ್ವಾಸಾರ್ಹತೆಯೇ ಪಾಟಿ ಸವಾಲಿನಲ್ಲಿ ಕುಸಿದಿತ್ತು ಎಂಬುದನ್ನು ಮರೆಯುವಂತಿಲ್ಲ. ಸೋತವರು ಸೋಲಿಗೆ ಹೇಳುವ ಕಾರಣವನ್ನೇ ಪುರಾವೆಯೆಂದು ಒಪ್ಪಲಾಗದು.

ಈ ಆತಂಕವನ್ನು ಪರೀಕ್ಷೆಗೆ ಒಡ್ಡಿದವರು ಮಿಷಿಗನ್ ರಾಜ್ಯದ ನ್ಯಾಯಾಧೀಶ ಡೊನಾಲ್ಡ್ ಶೆಲ್ಟನ್. ಆನ್ ಆರ್ಬರ್‌ನ ನ್ಯಾಯಾಲಯಕ್ಕೆ ಜ್ಯೂರಿ ಕರ್ತವ್ಯಕ್ಕಾಗಿ ಬಂದ ಒಂದು ಸಾವಿರಕ್ಕೂ ಹೆಚ್ಚು ಜನರನ್ನು, ಅವರು ಯಾವ ಮೊಕದ್ದಮೆಗೂ ನೇಮಕವಾಗುವ ಮೊದಲೇ, ಶೆಲ್ಟನ್ ಅವರ ತಂಡ ಪ್ರಶ್ನಿಸಿತು. ಪ್ರತಿ ಕ್ರಿಮಿನಲ್ ಮೊಕದ್ದಮೆಯಲ್ಲೂ ಯಾವುದಾದರೊಂದು ವೈಜ್ಞಾನಿಕ ಸಾಕ್ಷ್ಯ ಇರುತ್ತದೆಂದು ನಿರೀಕ್ಷಿಸಿದವರು ಶೇ. 46, ಎಲ್ಲ ಮೊಕದ್ದಮೆಯಲ್ಲೂ ಡಿಎನ್‌ಎ ಇರಬೇಕೆಂದು ಬಯಸಿದವರು ಶೇ. 22. ಸಿಎಸ್‌ಐ ನೋಡುವವರ ನಿರೀಕ್ಷೆ ನೋಡದವರದಕ್ಕಿಂತ ಹೆಚ್ಚೇ ಇತ್ತು. ಆದರೆ ಶಿಕ್ಷೆಗೆ ಗುರಿಪಡಿಸುವ ನಿರ್ಧಾರಕ್ಕೆ ಬಂದಾಗ ಈ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ನಿರೀಕ್ಷೆ ಹೆಚ್ಚಿರುವುದಕ್ಕೆ ಒಂದು ಧಾರಾವಾಹಿಗಿಂತ ತಂತ್ರಜ್ಞಾನವೇ ಬದುಕನ್ನು ಆವರಿಸಿರುವುದು ಕಾರಣವೆಂದು ಶೆಲ್ಟನ್ ವಿವರಿಸಿದರು. ಪ್ರಾಣ ಮತ್ತು ಸ್ವಾತಂತ್ರ್ಯವನ್ನು ಕಸಿಯಬಲ್ಲ ಪ್ರಭುತ್ವದ ಮುಂದೆ ನಿಂತ ನಾಗರಿಕ, ಲಭ್ಯವಿರುವ ಪರೀಕ್ಷೆಯನ್ನು ಯಾಕೆ ಮಾಡಲಿಲ್ಲ ಎಂದು ಕೇಳುವುದು ದೋಷವೇ ಅಲ್ಲ; ಅದು ನ್ಯಾಯದ ಆರೋಗ್ಯದ ಲಕ್ಷಣ.

ಹೀಗಿದ್ದರೂ ವ್ಯವಸ್ಥೆ ಆತಂಕವನ್ನೇ ನಂಬಿ ನಡೆದುಕೊಂಡಿತು. ಧಾರಾವಾಹಿ ನೋಡುತ್ತೀರಾ ಎಂದು ಜ್ಯೂರಿ ಅಭ್ಯರ್ಥಿಗಳನ್ನು ಕೇಳುವುದು, ಬೆರಳಚ್ಚು ಏಕೆ ಸಿಗಲಿಲ್ಲವೆಂದು ವಿವರಿಸಲೆಂದೇ ತಜ್ಞರನ್ನು ಸಾಕ್ಷಿಕಟ್ಟೆಗೆ ಕರೆಸುವುದು ರೂಢಿಗೆ ಬಂತು. ವೈಜ್ಞಾನಿಕ ತನಿಖೆ ನಡೆಸಲೇಬೇಕೆಂಬ ಕಾನೂನು ಇಲ್ಲವೆಂದು ಕೆಲವು ನ್ಯಾಯಾಧೀಶರು ಜ್ಯೂರಿಗೆ ಸೂಚನೆಯನ್ನೂ ಕೊಡತೊಡಗಿದರು. ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ 2011ರಲ್ಲಿ ಅಟ್ಕಿನ್ಸ್ ಪ್ರಕರಣದಲ್ಲಿ ಇಂಥ ಸೂಚನೆಯ ಕಾರಣಕ್ಕೇ ಶಿಕ್ಷೆಯನ್ನು ರದ್ದುಪಡಿಸಿದ್ದು ಸರಿಯಾದ ನಿರ್ಣಯ; ಏಕೆಂದರೆ ಕಿರುತೆರೆಯ ಭ್ರಮೆಯನ್ನು ತಿದ್ದುವ ನೆಪದಲ್ಲಿ ಅಲ್ಲಿ ಅಭಿಯೋಜನೆಯ ಹೊರೆಯೇ ಹಗುರವಾಗುತ್ತಿತ್ತು.

ನಿಜವಾದ ಅಪಾಯ ವಿಜ್ಞಾನದ ಹೆಸರು ಹೊತ್ತು ಬಂದ ಸಾಕ್ಷ್ಯವನ್ನು ಪ್ರಶ್ನಿಸದೆ ನಂಬುವುದರಲ್ಲಿದೆ. ತೆರೆಯ ಮೇಲೆ ಗಣಕಯಂತ್ರ ಕ್ಷಣಾರ್ಧದಲ್ಲಿ ಒಂದೇ ಒಂದು ಮುಖವನ್ನು ತೋರಿಸುತ್ತದೆ, ಪ್ರಯೋಗಾಲಯ ಎಡವುವುದೇ ಇಲ್ಲ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬ್ ಸ್ಫೋಟಗಳಾದ ಮೇಲೆ, ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲವೊಂದರ ಮೇಲೆ ಸಿಕ್ಕ ಅಪೂರ್ಣ ಬೆರಳಚ್ಚನ್ನು ಅಮೆರಿಕದ ಎಫ್‌ಬಿಐ ತನ್ನ ಸಂಗ್ರಹದೊಡನೆ ಹೋಲಿಸಿತು. ಯಂತ್ರ ಕೊಟ್ಟದ್ದು ಒಂದು ಹೆಸರನ್ನಲ್ಲ, ಹೋಲುವ ಹಲವು ಬೆರಳಚ್ಚುಗಳ ಪಟ್ಟಿಯನ್ನು. ಅದರಲ್ಲಿದ್ದ ಒರೆಗಾನ್ ರಾಜ್ಯದ ವಕೀಲರೊಬ್ಬರ ಬೆರಳಚ್ಚೇ ಅದೆಂದು ಎಫ್‌ಬಿಐನ ತಜ್ಞರು ಖಚಿತವಾಗಿ ಹೇಳಿದರು. ನ್ಯಾಯಾಲಯ ನೇಮಿಸಿದ ಸ್ವತಂತ್ರ ತಜ್ಞರೂ ಅದನ್ನೇ ಅನುಮೋದಿಸಿದರು. ಸ್ಪೇನ್ ಪೊಲೀಸರು ಮೊದಲಿನಿಂದಲೇ ಸಂದೇಹ ವ್ಯಕ್ತಪಡಿಸಿದ್ದರೂ ಆ ವಕೀಲರು ಸುಮಾರು ಎರಡು ವಾರ ಬಂಧನದಲ್ಲಿದ್ದರು. ಬೆರಳಚ್ಚು ಅಲ್ಜೀರಿಯಾ ಮೂಲದ ಬೇರೊಬ್ಬನದೆಂದು ಸ್ಪೇನ್ ಪತ್ತೆಹಚ್ಚಿದ ಬಳಿಕವಷ್ಟೇ ಬಿಡುಗಡೆಯಾಯಿತು, ಎಫ್‌ಬಿಐ ಕ್ಷಮೆ ಕೇಳಿತು. ಹೊಂದಿಕೆಯಾಯಿತೆಂದು ಒಮ್ಮೆ ಒಪ್ಪಿಕೊಂಡ ತಜ್ಞರು, ಆ ವಕೀಲರ ಸ್ಪಷ್ಟ ಬೆರಳಚ್ಚಿನಲ್ಲಿದ್ದ ಗುರುತುಗಳನ್ನೇ ಮಸುಕಾದ ಗುರುತಿನಲ್ಲೂ ಕಾಣತೊಡಗಿದ್ದರೆಂದು ಅನಂತರದ ಅಧಿಕೃತ ತನಿಖೆ ಹೇಳಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರ ವರದಿಯಲ್ಲಿ, ಡಿಎನ್‌ಎ ವಿಶ್ಲೇಷಣೆಯೊಂದನ್ನು ಬಿಟ್ಟು ಬೇರೆ ಯಾವ ವಿಧಾನವೂ ಒಂದು ಕುರುಹನ್ನು ನಿರ್ದಿಷ್ಟ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲುದೆಂದು ಕಟ್ಟುನಿಟ್ಟಾಗಿ ರುಜುವಾತಾಗಿಲ್ಲವೆಂದು ಸಾರಿದಾಗ, ಸಿಎಸ್‌ಐ ತನ್ನ ಜನಪ್ರಿಯತೆಯ ದಿನಗಳಲ್ಲೇ ಇತ್ತು.

ಭಾರತದಲ್ಲಿ ಜ್ಯೂರಿ ಇಲ್ಲ. ಜ್ಯೂರಿಯ ತೀರ್ಪೇ ವಿವಾದಕ್ಕೊಳಗಾದ 1959ರ ನಾನಾವತಿ ಪ್ರಕರಣದ ಬಳಿಕ ಅದು ಹಂತಹಂತವಾಗಿ ಮರೆಯಾಯಿತು, 1973ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಎಡೆ ಕೊಡಲಿಲ್ಲ. ಆದುದರಿಂದ ಕಿರುತೆರೆಯ ಪ್ರಭಾವ ಇಲ್ಲಿ ತೀರ್ಪುಗಾರರನ್ನು ನೇರವಾಗಿ ಮುಟ್ಟುವುದಕ್ಕಿಂತ, ದೂರುದಾರರು, ಸಾಕ್ಷಿಗಳು, ತನಿಖಾಧಿಕಾರಿಗಳು ಮತ್ತು ಸಾರ್ವಜನಿಕ ಒತ್ತಡದ ಮೂಲಕ ಸುತ್ತು ದಾರಿಯಲ್ಲಿ ಬರುತ್ತದೆ. 1998ರಿಂದ ಎರಡು ದಶಕ ನಡೆದ ಸೋನಿ ವಾಹಿನಿಯ ‘ಸಿಐಡಿ’ಯಲ್ಲಿ ಡಾ. ಸಾಳುಂಖೆ ಪ್ರಯೋಗಾಲಯದಲ್ಲಿ ನಿಂತಲ್ಲೇ ಫಲಿತಾಂಶ ಹೇಳುವುದನ್ನು ಕಂಡವರಿಗೆ, ವರದಿಗಾಗಿ ತಿಂಗಳುಗಟ್ಟಲೆ ಕಾಯುವ ಠಾಣೆ ಅಸಮರ್ಥವಾಗಿಯೋ ಭ್ರಷ್ಟವಾಗಿಯೋ ಕಾಣುವುದು ಸಹಜ. ಇದಕ್ಕೆ ಪ್ರತಿಯಾಗಿ, ಟಿ.ಎನ್. ಸೀತಾರಾಮ್ ತಮ್ಮ ಕನ್ನಡ ಧಾರಾವಾಹಿಗಳಲ್ಲಿ ತಾವೇ ವಹಿಸಿದ ಸಿ.ಎಸ್.ಪಿ. ಎಂಬ ವಕೀಲನ ಪಾತ್ರದ ಮೂಲಕ, ಸಾಕ್ಷಿಯ ಮಾತನ್ನು ತಾಳ್ಮೆಯಿಂದ ಒರೆಗೆ ಹಚ್ಚುವ ಕ್ರಮವನ್ನು ಮನೆಮಂದಿಗೆ ಪರಿಚಯಿಸಿದ್ದು ಮೆಚ್ಚತಕ್ಕ ಕೆಲಸ.

ಧಾರಾವಾಹಿ ತೋರಿಸದೆ ಬಿಡುವ ಕೆಲಸದಲ್ಲೇ ಮೊಕದ್ದಮೆಯ ಸೋಲು ಗೆಲುವು ಅಡಗಿರುತ್ತದೆ. ರಕ್ತದ ಕಲೆಯಿರುವ ಅಂಗಿಯನ್ನು ಪಂಚರ ಸಮಕ್ಷಮ ಮಹಜರು ಬರೆದು ವಶಪಡಿಸಿಕೊಳ್ಳಬೇಕು. ಒದ್ದೆಯಿದ್ದರೆ ನೆರಳಲ್ಲಿ ಒಣಗಿಸಿ, ತೇವ ಹಿಡಿದು ಕೊಳೆಯುವ ಪ್ಲಾಸ್ಟಿಕ್ ಚೀಲವನ್ನು ಬಿಟ್ಟು ಕಾಗದದ ಲಕೋಟೆಯಲ್ಲಿಡಬೇಕು. ಅರಗಿನ ಮೊಹರು ಹಾಕಿ, ಅದೇ ಮೊಹರಿನ ಮಾದರಿಯನ್ನು ಪ್ರತ್ಯೇಕವಾಗಿ ಕಳುಹಿಸಬೇಕು. ಠಾಣೆಯಿಂದ ಪ್ರಯೋಗಾಲಯದವರೆಗೆ ಲಕೋಟೆ ಯಾರ ಕೈಯಲ್ಲಿ ಎಷ್ಟು ದಿನ ಇತ್ತೆಂಬುದಕ್ಕೆ ಲಿಖಿತ ದಾಖಲೆ ಇರಬೇಕು. ಇದನ್ನೇ ಸಾಕ್ಷ್ಯದ ಸ್ವಾಧೀನ ಸರಪಳಿ ಎನ್ನುತ್ತಾರೆ. ಅದರ ಒಂದು ಕೊಂಡಿ ಕಳಚಿದರೂ ಅತ್ಯುತ್ತಮ ಡಿಎನ್‌ಎ ವರದಿಯ ಬೆಲೆ ಕುಸಿದು, ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ.

ಕಪಟ ಖಚಿತತೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಸೋಡಿಯಂ ಪೆಂಟಥಾಲ್ ಮದ್ದು ಕೊಟ್ಟು ಅರೆಪ್ರಜ್ಞೆಯಲ್ಲಿ ಉತ್ತರ ಪಡೆಯುವ ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶದ ಪ್ರಮುಖ ಕೇಂದ್ರವಾಗಿತ್ತು. ಬೇರೆ ರಾಜ್ಯಗಳ ಆರೋಪಿಗಳನ್ನೂ ಇಲ್ಲಿಗೆ ಕರೆತರಲಾಗುತ್ತಿತ್ತು, ಅಂಥ ಪರೀಕ್ಷೆಯ ದೃಶ್ಯಗಳು ಸುದ್ದಿವಾಹಿನಿಗಳಲ್ಲಿ ಪ್ರಸಾರವಾಗಿ, ವಿಚಾರಣೆಗೆ ಮೊದಲೇ ಜನರ ಮನಸ್ಸಿನಲ್ಲಿ ತೀರ್ಪು ಹೊರಬಿದ್ದಿರುತ್ತಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ವಿದ್ಯುತ್ ಪ್ರತಿಕ್ರಿಯೆಯ ಪರೀಕ್ಷೆಗಳು, ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಒತ್ತಾಯಿಸುವಂತಿಲ್ಲವೆಂಬ ಸಂವಿಧಾನದ 20(3)ನೇ ವಿಧಿಗೂ ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗೂ ವಿರುದ್ಧವೆಂದು ತೀರ್ಪಿತ್ತಿತು. ಆದರೂ ಭೀಕರ ಅಪರಾಧವೊಂದು ನಡೆದಾಗಲೆಲ್ಲ ಮಂಪರು ಪರೀಕ್ಷೆ ಮಾಡಿಸಿ ಎಂಬ ಕೂಗು ಇಂದಿಗೂ ಏಳುವುದನ್ನು ನೋಡಿದರೆ, ತೀರ್ಪಿಗಿಂತ ತೆರೆಯ ಚಿತ್ರವೇ ಹೆಚ್ಚು ಕಾಲ ಉಳಿಯುತ್ತದೆಂದು ವಿಷಾದದಿಂದ ಹೇಳಬೇಕಾಗಿದೆ.

ಇನ್ನೊಂದು ಸಂಗತಿ ಸಾರ್ವಜನಿಕರ ಗಮನಕ್ಕೆ ಬಂದೇ ಇಲ್ಲ. ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು, ಅದನ್ನು ಬರೆದವರನ್ನು ನ್ಯಾಯಾಲಯಕ್ಕೆ ಕರೆಸದೆಯೇ ಸಾಕ್ಷ್ಯವಾಗಿ ಬಳಸಲು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು ಅವಕಾಶ ಕೊಟ್ಟಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮೂ ಅದನ್ನೇ ಮುಂದುವರಿಸಿದೆ. ತಜ್ಞರನ್ನು ಕರೆಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ಆದರೆ ವಿಜ್ಞಾನ ತಪ್ಪುವುದಿಲ್ಲವೆಂಬ ನಂಬಿಕೆ ವಕೀಲರಲ್ಲೂ ಬೇರೂರಿದ್ದರೆ ಆ ಕೋರಿಕೆಯನ್ನು ಮುಂದಿಡುವವರೇ ಇರುವುದಿಲ್ಲ, ಮತ್ತು ಯಾವ ವಿಧಾನದಿಂದ ಪರೀಕ್ಷಿಸಲಾಯಿತು, ತಪ್ಪಿನ ಸಾಧ್ಯತೆ ಎಷ್ಟು ಎಂಬ ಪ್ರಶ್ನೆಗಳನ್ನೇ ಎದುರಿಸದ ಒಂದು ಹಾಳೆ ಮನುಷ್ಯನೊಬ್ಬನ ಆಯುಷ್ಯವನ್ನು ನಿರ್ಧರಿಸಿಬಿಡಬಹುದು.

ಈ ಎಚ್ಚರ ಈಗ ಇನ್ನಷ್ಟು ತುರ್ತಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸುರಕ್ಷಾ ಸಂಹಿತೆಯ 176(3)ನೇ ಕಲಮಿನಂತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಕೃತ್ಯ ನಡೆದ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು; ಇದನ್ನು ಜಾರಿಗೆ ತರುವ ದಿನಾಂಕವನ್ನು ಐದು ವರ್ಷಗಳೊಳಗೆ ರಾಜ್ಯಗಳು ಅಧಿಸೂಚಿಸಬೇಕು. ಆದ್ದರಿಂದ ಆ ಗಡುವಿನೊಳಗೆ ಪ್ರಯೋಗಾಲಯಗಳಿಗೆ ತರಬೇತಾದ ಸಿಬ್ಬಂದಿಯನ್ನು ತುಂಬಬೇಕೆಂದು ಸರ್ಕಾರವನ್ನೂ, ವರದಿ ಬರೆದವರನ್ನು ಪಾಟಿ ಸವಾಲಿಗೆ ಕರೆಸಲು ಹಿಂಜರಿಯಬಾರದೆಂದು ವಕೀಲರನ್ನೂ, ಖಚಿತ ಅಭಿಪ್ರಾಯ ಸಾಧ್ಯವಿಲ್ಲವೆಂದು ಪ್ರಾಮಾಣಿಕವಾಗಿ ಬರೆದುಕೊಡುವ ತಜ್ಞನ ಪಾತ್ರವನ್ನು ಒಂದು ಕಂತಿನಲ್ಲಾದರೂ ತೋರಿಸಬೇಕೆಂದು ಧಾರಾವಾಹಿಗಳ ಲೇಖಕರನ್ನೂ ಈ ಸಮ್ಮೇಳನದ ಅಧ್ಯಕ್ಷಪೀಠ ಕಳಕಳಿಯಿಂದ ವಿನಂತಿಸುತ್ತದೆ.