ಬೇಲಿಯಾಚೆಯ ಆಟ

ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಸಂಜೆ ಐದಾಯಿತೆಂದರೆ ರಸ್ತೆಯೆಲ್ಲ ಹುಡುಗರದು. ಚೆಂಡು ಕೈಗೆ ಸಿಕ್ಕ ಪ್ರತಿಯೊಬ್ಬನೂ ತಾನೇ ‘ದಾವಣಗೆರೆ ಎಕ್ಸ್‌ಪ್ರೆಸ್’ ಬೌಲರ್ ವಿನಯ್ ಕುಮಾರ್ ಅಂದುಕೊಂಡಿರುತ್ತಾನೆ. ಇಂಥ ಕಡೆ ಕೂತು ಗಾಲ್ಫ್ ಬಗ್ಗೆ ಮಾತು ತೆಗೆದರೆ ‘ಇವನಿಗೇನಾಯ್ತಪ್ಪಾ’ ಅನ್ನಿಸಬಹುದು. ಈ ಕಡೆಯ ಎಷ್ಟೋ ಮಂದಿಗೆ ಗಾಲ್ಫ್ ಮೈದಾನ ಸುದ್ದಿಯಾಗಿ ಕಿವಿಗೆ ಬಿದ್ದದ್ದೇ 2022ರ ಆಗಸ್ಟ್‌ನಲ್ಲಿ, ಬೆಳಗಾವಿಯ ಮೈದಾನದಲ್ಲಿ ಚಿರತೆ ಸೇರಿಕೊಂಡಾಗ. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನ ಬಿಡಾರದಿಂದ ಆನೆ ತರಿಸಿದರು. ಚಿರತೆ ಮಾತ್ರ ಸಿಗಲಿಲ್ಲ. ಸದಸ್ಯತ್ವವಿಲ್ಲದೆ ಗಾಲ್ಫ್ ಮೈದಾನದೊಳಗೆ ಹಾಗೆ ದಿನಗಟ್ಟಲೆ ಓಡಾಡಿಕೊಂಡಿದ್ದವರು ಬಹಳ ಕಡಿಮೆ!

ತಮಾಷೆ ಇರಲಿ. ಈ ಆಟದ ಚರಿತ್ರೆಯಲ್ಲಿ ಬೇಲಿಯ ಪಾಲು ದೊಡ್ಡದು.

ಹುಟ್ಟಿದ ನಾಡು ಸ್ಕಾಟ್ಲೆಂಡಿನಲ್ಲಿ ಅದು ಕಡಲ ದಂಡೆಯ ಬಯಲು ಹುಲ್ಲುಗಾವಲಿನ ಆಟ. ಜನ ಬಿಲ್ಲುವಿದ್ಯೆ ಮರೆತು ಇದರ ಹಿಂದೆ ಬಿದ್ದರೆಂದು 1457ರಲ್ಲಿ ಅಲ್ಲಿನ ಸಂಸತ್ತು ಗಾಲ್ಫನ್ನೇ ನಿಷೇಧಿಸಿತ್ತು. ಆಗಲೇ ನಿಷೇಧಿಸುವಷ್ಟು ಮಂದಿ ಆಡುತ್ತಿದ್ದರು ಎಂದಾಯಿತಲ್ಲ. ಹಡಗು ಹತ್ತಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಸಾಹೇಬರ ಆಟವಾಗಿತ್ತು. 1829ರಲ್ಲಿ ಕಲ್ಕತ್ತ, 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್. ದಂಡು ಇದ್ದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಹೀಗೆ ಬಿಳಿಯ ಅಧಿಕಾರಿ ಬೇರೂರಿದ ಕಡೆಯೆಲ್ಲ ಕುಳಿ ತೋಡಿದರು. ಮಳೆ ಕಡಿಮೆಯ ಸೀಮೆಯಲ್ಲಿ ಕುಳಿಯ ಸುತ್ತ ಹಸಿರು ಉಳಿಸುವುದು ಕಷ್ಟ. ಅಲ್ಲಿ ಮರಳಿಗೆ ಎಣ್ಣೆ ಬೆರೆಸಿ ಸಮಮಾಡಿ, ‘ಗ್ರೀನ್’ ಬದಲು ‘ಬ್ರೌನ್’ ಎಂದು ಕರೆದು ಆಡುತ್ತಿದ್ದರು. ಗಾಲ್ಫ್‌ಗೆ ಇಂಗ್ಲೆಂಡಿನ ಹುಲ್ಲೇ ಬೇಕು ಎನ್ನುವವರು ಇದನ್ನು ನೆನಪಿಡಬೇಕು. ಆ ಕಾಲದಲ್ಲಿ ನಮ್ಮವರಿಗೆ ಒಳಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಆಟಗಾರರ ಕೋಲುಗಳ ಚೀಲ ಹೊರುವಂಥ ಕೆಲಸ. ಹಾಗೆ ಹೊತ್ತವನೇ ಕ್ಯಾಡಿ.

ಆ ಬೇಲಿ ಆಮೇಲೆ ಮೆಲ್ಲಗೆ ಸಡಿಲವಾಯಿತು. 1986ರಲ್ಲಿ ಬೆಂಗಳೂರಿನ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ತೆರೆಯಿತು. ಕೆರೆ ಹೋಯಿತಲ್ಲ ಎಂಬ ಕೊರಗು ನನಗಿದೆ, ಬಚ್ಚಿಡುವುದಿಲ್ಲ. ಆದರೆ ಅದರ ಎದುರಿನ ಹೋಟೆಲಿಗೆ ತಿಂಡಿಗೆ ಬರುತ್ತಿದ್ದ ಒಂದು ಕುಟುಂಬದ ಐದು ವರ್ಷದ ಮಗು, ಆಚೆ ಚೆಂಡು ಹೊಡೆಯುವವರನ್ನು ನೋಡಿ ‘ನಾನೂ ಆಡಬೇಕು’ ಎಂದಿತು. ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿರಲಿಲ್ಲ. ಆದರೂ ಕ್ಲಬ್ಬಿನವರು ಒಳಗೆ ಬಿಟ್ಟರು. ಆ ಮಗು ಅದಿತಿ ಅಶೋಕ್. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವಳ ಚೀಲ ಹೊತ್ತ ಕ್ಯಾಡಿ ಅಪ್ಪ, ಟೋಕಿಯೋದಲ್ಲಿ ಅಮ್ಮ. ಟೋಕಿಯೋದಲ್ಲಿ ನಾಲ್ಕನೆಯ ಸ್ಥಾನ, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪನದು ಇದಕ್ಕಿಂತ ದೊಡ್ಡ ಬೇಲಿ. ಈಗಲ್ಟನ್ ರೆಸಾರ್ಟಿನಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗ. ಕೋಚ್ ವಿಜಯ್ ದಿವೇಚಾ ಅವನ ಕೈಗೆ ಕೋಲು ಕೊಟ್ಟರು. 2010ರಲ್ಲಿ ಅವನು ಅಖಿಲ ಭಾರತ ಅಮೆಚೂರ್ ಚಾಂಪಿಯನ್.

ಮಕ್ಕಳಿಗೆ ಈ ಆಟ ಹೇಗೆ ಹಿಡಿಸುತ್ತದೆ ಎಂದು ಕೇಳಬಹುದು. ಗೋಲಿಯನ್ನು ಬದ್ದುವಿಗೆ ಉರುಳಿಸಿದವರಿಗೆ, ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ಪಟಿಂಗ್ ಅರ್ಥವಾಗಲು ಹೊತ್ತು ಹಿಡಿಯುವುದಿಲ್ಲ. ಇನ್ನು ಸ್ಪರ್ಧೆ. ಅಲ್ಲಿ ಹ್ಯಾಂಡಿಕ್ಯಾಪ್ ಎಂಬ ಒಂದು ಲೆಕ್ಕವಿದೆ, ನನಗೆ ಬಹಳ ಇಷ್ಟವಾದದ್ದು: ಆಟಗಾರನ ಮಟ್ಟಕ್ಕೆ ತಕ್ಕಂತೆ ಅವನ ಹೊಡೆತಗಳಿಂದ ಇಷ್ಟು ಎಂದು ಕಳೆಯುತ್ತಾರೆ. 18 ಕುಳಿಗೆ ನುರಿತ ಆಟಗಾರನಿಗೆ ಸಾಮಾನ್ಯವಾಗಿ 72 ಹೊಡೆತ ಸಾಕು. ಇಪ್ಪತ್ತರ ಹ್ಯಾಂಡಿಕ್ಯಾಪ್ ಇರುವ ಹುಡುಗ 95 ಹೊಡೆದರೆ 75 ಎಂದು ಲೆಕ್ಕ. ಆರರ ಹ್ಯಾಂಡಿಕ್ಯಾಪ್ ಇರುವ ಹಿರಿಯ 82 ಹೊಡೆದರೆ 76. ಕಡಿಮೆ ಹೊಡೆತದ ಹುಡುಗ ಗೆದ್ದ! ಹಿರಿಯ ಕಿರಿಯರನ್ನು ಹೀಗೆ ಒಂದೇ ಪಂಕ್ತಿಯಲ್ಲಿ ಕೂರಿಸುವ ಆಟಗಳು ಹೆಚ್ಚಿಲ್ಲ. ಗಾಲ್ಫ್‌ನಲ್ಲಿ ಬಹುಪಾಲು ಹೊತ್ತು ಬೆನ್ನ ಹಿಂದೆ ಅಂಪೈರ್ ಕೂಡ ಇರುವುದಿಲ್ಲ. ಪೊದೆಯೊಳಗೆ ಹೊಡೆಯಲು ನಿಂತಾಗ ಚೆಂಡು ಕಾಲಿಗೆ ತಾಗಿ ಸರಿದರೆ ‘ನನಗೊಂದು ಹೊಡೆತ ಜಾಸ್ತಿ ಬರೆಯಿರಿ’ ಎಂದು ಮಗುವೇ ಹೇಳಬೇಕು.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದಲ್ಲಿ ಮೂವರು: ಅದಿತಿ, ಬೆಂಗಳೂರಿನ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಮೂವರೂ ಕರ್ನಾಟಕದವರೇ. ಅದಿತಿ ಬೆಳ್ಳಿ ತಂದಳು. ಪ್ರಣವಿ ಆಡಿ ಬೆಳೆದದ್ದು ಚಾಮುಂಡಿ ಬೆಟ್ಟದ ಬುಡದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ.

ದಸರೆಗೆ ಮಕ್ಕಳನ್ನು ಕರೆದುಕೊಂಡು ಹೇಗೂ ಮೈಸೂರಿಗೆ ಹೋಗುತ್ತೀರಿ. ಬೆಟ್ಟ ಹತ್ತುವ ಮೊದಲು ಆ ಬೇಲಿಯ ಬಳಿ ಗಾಡಿ ನಿಲ್ಲಿಸಿ, ಐದು ನಿಮಿಷ ಅವರು ನೋಡಲಿ. ‘ನಾನೂ ಆಡಬೇಕು’ ಎಂದರೆ ಬೈಯಬೇಡಿ, ಗೇಟಿನ ಹತ್ತಿರ ಹೋಗಿ ಕೋಚಿಂಗ್ ಯಾವಾಗ ಎಂದು ಕೇಳಿ.