ಟರ್ಬೊ ಹೋಯಿತು ಎನ್ನುವ ಮೊದಲು

(ಚಾಲಕರು ಮತ್ತು ವರ್ಕ್‌ಶಾಪ್ ಕೆಲಸಗಾರರ ವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಗಾಡಿಯ ವಿಷಯ ಮಾತಾಡಲಿಕ್ಕೆ ಅಕೌಂಟೆಂಟನ್ನು ಯಾಕೆ ನಿಲ್ಲಿಸಿದರು ಅಂತ ಹಿಂದಿನ ಸಾಲಿನ ಮೆಕ್ಯಾನಿಕ್ ಸಹೋದರರು ನಗುತ್ತಿದ್ದಾರೆ. ನಗಬಹುದು. ನಾವು ಓದಿದ್ದು ಬಿ.ಕಾಂ., ಸ್ಪ್ಯಾನರ್ ಹಿಡಿದವರಲ್ಲ. ಆದರೆ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ವರ್ಕ್‌ಶಾಪ್ ಒಂದರ ಲೆಕ್ಕ ಬರೆಯುತ್ತಾ 14 ವರ್ಷ ಆಯಿತು. ಯಾವ ಗಾಡಿಗೆ ಯಾವ ಪಾರ್ಟ್ ಹಾಕಿದರು, ಅದೇ ಗಾಡಿ ಅದೇ ಕಂಪ್ಲೇಂಟಿನಲ್ಲಿ ಎಷ್ಟು ದಿನಕ್ಕೆ ವಾಪಸ್ ಬಂತು ಎಂಬುದು ಮೊದಲು ಕಾಣುವುದು ನಮ್ಮ ಟೇಬಲಿನಲ್ಲಿ. ಉಳಿದದ್ದು ನಮ್ಮ ಫೋರ್‌ಮನ್ ಹತ್ತಿರ ಕೇಳಿ ಕೇಳಿ ಕಲಿತದ್ದು.

ಕಳೆದ ವರ್ಷ ನಮ್ಮ ಊರಿನ ಕಡೆಯವರೇ ಒಬ್ಬರು, ಕಂಪನಿಯ ಗಾಡಿ ಓಡಿಸುವವರು, ರಾತ್ರಿ ನಮ್ಮ ರೂಮಿಗೆ ಬಂದರು. ಕೈಯಲ್ಲಿ ಎರಡು ಕಾಗದ. ಒಂದು ಬೇರೊಂದು ಗ್ಯಾರೇಜಿನ ಕೊಟೇಶನ್: ಎರಡೂ ಟರ್ಬೊ ಬದಲಿಸಲಿಕ್ಕೆ 13,000 ದಿರ್ಹಂ. ಇನ್ನೊಂದು ಅವರ ಕಂಪನಿಯದ್ದು: 'ನನ್ನ ಅಜಾಗರೂಕತೆಯಿಂದ ಟರ್ಬೊ ಹಾಳಾಗಿದೆ, ಸಂಬಳದಿಂದ ತಿಂಗಳಿಗೆ 500 ದಿರ್ಹಂ ಕಡಿತಕ್ಕೆ ಒಪ್ಪಿದ್ದೇನೆ.' ಸಹಿ ಮಾತ್ರ ಬಾಕಿ. 26 ತಿಂಗಳ ಕಟ್ಟಿಂಗ್! ಊರಲ್ಲಿ ಮನೆಯ ಸ್ಲ್ಯಾಬ್ ಇನ್ನೂ ಬಿದ್ದಿಲ್ಲ. "ಎಂತ ಮಾಡುವುದು ಕಾಕ, ಸಹಿ ಹಾಕದಿದ್ರೆ ಕೆಲಸ ಹೋದೀತು" ಅಂದರು. ಎರಡು ದಿನ ಸಹಿ ಹಾಕಬೇಡ, ಗಾಡಿಯನ್ನೊಮ್ಮೆ ನೋಡುವ ಅಂದೆವು.

ನಮ್ಮ ಕೆಲಸದಲ್ಲಿ ಒಂದು ಮಾತುಂಟು. ಸಂಜೆ ಕ್ಯಾಷ್ ಕಡಿಮೆ ಬಂದರೆ ಕ್ಯಾಷಿಯರ್ ಕದ್ದ ಅಂತ ಅರ್ಥ ಅಲ್ಲ. ಬಿಲ್ ಬರೆಯದೆ ಇರಬಹುದು, ಎರಡು ಸಲ ಬರೆದಿರಬಹುದು. ಟರ್ಬೊದ್ದೂ ಹಾಗೆಯೇ. ಸ್ಕ್ಯಾನರಿನಲ್ಲಿ ಬಂದ ಕೋಡ್ ಪಿ0299. ಅದನ್ನು ನೋಡಿ 'ಟರ್ಬೊ ಹೋಗಿದೆ' ಅಂದುಬಿಟ್ಟರು. ಆ ಕೋಡ್ ಹೇಳುವುದು ಇಷ್ಟೇ: ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಇಂಜಿನಿಗೆ ಸಿಕ್ಕಿಲ್ಲ. ಗಾಳಿ ಎಲ್ಲಿ ಹೋಯಿತು ಎಂದು ಅದು ಹೇಳುವುದಿಲ್ಲ.

ಈಗ ಎರಡು ಟರ್ಬೊ ಗಾಡಿಗಳ ವಿಷಯ. ಲ್ಯಾಂಡ್ ಕ್ರೂಸರ್ 300ರ 3.5 ಲೀಟರ್ ಪೆಟ್ರೋಲ್ ವಿ6, ಎಫ್-150ರ 3.5 ಇಕೋಬೂಸ್ಟ್, ಇವುಗಳಲ್ಲಿ ಮೂರು ಮೂರು ಸಿಲಿಂಡರಿಗೆ ಒಂದೊಂದು ಟರ್ಬೊ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಎರಡರ ಗಾಳಿಯೂ ಕೊನೆಗೆ ಸೇರುವುದು ಒಂದೇ ಥ್ರಾಟಲಿಗೆ. ಹಾಗಾಗಿ ಅಲ್ಲಿನ ಒತ್ತಡ ನೋಡಿ ಎಡದ್ದು ಸೋತಿತೋ ಬಲದ್ದು ಸೋತಿತೋ ಹೇಳಲು ಆಗುವುದಿಲ್ಲ. ಇನ್ನೊಂದು, ಎರಡು ಟರ್ಬೊ ಒಂದೇ ದಿನ ಸಾಯುವುದು ಬಹಳ ಅಪರೂಪ. ಆಯಿಲ್ ಇಲ್ಲದೆ ಓಡಿಸಿದರೆ ಆದೀತು. ಅದಿಲ್ಲದಿದ್ದರೆ ಮೊದಲು ನೋಡಬೇಕಾದ್ದು ಎರಡಕ್ಕೂ ಸಾಮಾನ್ಯವಾದದ್ದನ್ನು: ಏರ್ ಫಿಲ್ಟರ್ (ಮರಳು ಗಾಳಿ ಎದ್ದ ವಾರದಲ್ಲಂತೂ ಕಡ್ಡಾಯ), ಇಂಟರ್‌ಕೂಲರ್, ಅದರ ಪೈಪುಗಳು, ಕ್ಲಿಪ್ಪುಗಳು. ಹಳೆಯ ಸುಪ್ರಾದ ಕಥೆ ಬೇರೆ. ಅಲ್ಲಿ ಮೊದಲು ಒಂದು ಟರ್ಬೊ, ಸುಮಾರು 4,000 ಆರ್‌ಪಿಎಂ ಹೊತ್ತಿಗೆ ಎರಡನೆಯದ್ದು ಪೂರ್ತಿ ಸೇರುತ್ತದೆ. ಕೆಳಗೆ ಸರಿ ಇದ್ದು ಅಲ್ಲಿಂದ ಮೇಲೆ ಸತ್ತರೆ, ಬದಲಾಯಿಸುವ ವಾಲ್ವ್‌ಗಳನ್ನೂ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ನೋಡಬೇಕು.

ನಮ್ಮ ಫೋರ್‌ಮನ್ ಮಾಡಿದ ಮೊದಲ ಕೆಲಸ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಪ್ರೆಶರ್ ಸೆನ್ಸರ್ ನೋಡಿದ್ದು. 100 ಕಿಲೊಪಾಸ್ಕಲ್ ಹತ್ತಿರ ತೋರಿಸಿತು. ಶಾರ್ಜಾ ಸಮುದ್ರ ಮಟ್ಟದಲ್ಲಿದೆ, ಹೊರಗಿನ ಗಾಳಿಯೇ ಅಷ್ಟು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಸೌದಿಯಲ್ಲಿರುವವರು ಗಮನಿಸಿ, ರಿಯಾದ್ ಎತ್ತರದಲ್ಲಿದೆ, ಅಲ್ಲಿ 94ರ ಹತ್ತಿರ ಬಂದರೂ ಸರಿಯೇ. ಅಬ್ಹಾದಲ್ಲಿ 80ಕ್ಕೂ ಕೆಳಗೆ. ಇದೇ ನಮ್ಮ ಓಪನಿಂಗ್ ಬ್ಯಾಲೆನ್ಸ್. ಇದನ್ನು ಕಳೆಯದೆ ಲೆಕ್ಕ ಹಾಕುವವರು ಬಹಳ ಮಂದಿ. ಗಾಡಿ ಎಳೆಯುವಾಗ 200 ತೋರಿಸಿದರೆ ನಿಜವಾದ ಬೂಸ್ಟ್ 100 ಮಾತ್ರ.

ಆಮೇಲೆ ಗಾಡಿ ಓಡಿಸಿ, ಕಂಪ್ಯೂಟರ್ ಕೇಳಿದ ಒತ್ತಡ, ಸಿಕ್ಕಿದ ಒತ್ತಡ, ಎರಡನ್ನೂ ಅಕ್ಕಪಕ್ಕ ರೆಕಾರ್ಡ್ ಮಾಡಿದರು. ಗಾಡಿ ತಣ್ಣಗಿದ್ದಾಗ ಎರಡೂ ತಾಳೆ! ಅರ್ಧ ಗಂಟೆ ಓಡಿದ ಮೇಲೆ ಕೊರತೆ. ಇಲ್ಲಿ ಒಂದು ಮಾತು. 45 ಡಿಗ್ರಿ ಬಿಸಿಲಿನಲ್ಲಿ ಪುಲ್ಲಿಂಗ್ ಸ್ವಲ್ಪ ಕಡಿಮೆಯಾಗುವುದು ರೋಗ ಅಲ್ಲ, ಬಿಸಿ ಗಾಳಿ ತೆಳು. ಆದರೆ ಇದು ಅಷ್ಟು ಸಣ್ಣ ಕೊರತೆ ಆಗಿರಲಿಲ್ಲ.

ಎರಡೂ ಬದಿಯ ವೇಸ್ಟ್‌ಗೇಟ್ ತೋಳುಗಳನ್ನು ಆಡಿಸಿ ನೋಡಿದರು. ಹೆಚ್ಚಿನ ಗ್ಯಾಸನ್ನು ಪಕ್ಕಕ್ಕೆ ಬಿಡುವ ಬಾಗಿಲು ಅದು. ತೆರೆದೇ ಸಿಕ್ಕಿಹಾಕಿಕೊಂಡರೆ ಒತ್ತಡ ಏಳುವುದಿಲ್ಲ. ಎರಡೂ ಸರಿ ಇತ್ತು. ಪೈಪ್ ಬಿಚ್ಚಿ ಟರ್ಬೊದ ಚಕ್ರ ಕೈಯಲ್ಲಿ ತಿರುಗಿಸಿದರು. ಉಜ್ಜುವುದಿಲ್ಲ, ರೆಕ್ಕೆ ಮುರಿದಿಲ್ಲ, ಅಳತೆ ಮೀರಿದ ಅಲುಗಾಟ ಇಲ್ಲ. ಹೊಗೆ ಬಿಟ್ಟು ಲೀಕ್ ಹುಡುಕಿದರೂ ಏನೂ ಕಾಣಲಿಲ್ಲ. ನಮಗೂ ಸಂಶಯ ಬಂತು, ಸಹಿ ತಡೆದು ತಪ್ಪು ಮಾಡಿದೆವಾ ಅಂತ.

ಫೋರ್‌ಮನ್ ಬಿಡಲಿಲ್ಲ. ಹೊಗೆಯ ಒತ್ತಡ ಬಹಳ ಕಡಿಮೆ, ತಣ್ಣಗಿನ ರಬ್ಬರ್ ಗಟ್ಟಿ, ಸೀಳು ಇದ್ದರೂ ಮುಚ್ಚಿಕೊಂಡಿರುತ್ತದೆ ಅಂದರು. ಗಾಡಿ ಬಿಸಿ ಮಾಡಿ, ಇಂಜಿನ್ ನಿಲ್ಲಿಸಿ, ಪೈಪಿನ ಬಾಯಿ ಮುಚ್ಚಿ, ಗೇಜ್ ಇಟ್ಟು ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿಸಿದರು. ಮೇಲೆ ಸೋಪಿನ ನೀರು. ಇಂಟರ್‌ಕೂಲರಿನಿಂದ ಮೇಲೆ ಬರುವ ಪೈಪಿನ ಅಡಿಯಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ ನೊರೆ ಎದ್ದಿತು. ಬೆರಳಿನ ಉಗುರಿನಷ್ಟು ಸೀಳು. ಹಿಂದೆ ಯಾರೋ ಇಂಟರ್‌ಕೂಲರ್ ಬಿಚ್ಚಿ ಹಾಕುವಾಗ ಕ್ಲಿಪ್ಪನ್ನು ಓರೆಯಾಗಿ ಬಿಗಿದಿದ್ದರು, ಅದರ ಅಂಚು ರಬ್ಬರನ್ನು ಕೊಯ್ದಿತ್ತು. ಪೈಪ್, ಕ್ಲಿಪ್, ಲೇಬರ್ ಸೇರಿ ನಾವೇ ಬರೆದ ಬಿಲ್ 340 ದಿರ್ಹಂ.

ಚಾಲಕರದ್ದೂ ಒಂದು ತಪ್ಪು ಉಂಟು, ಅವರ ಎದುರೇ ಹೇಳಿದ್ದೇವೆ. ವೇಗ ಹೆಚ್ಚಿಸುವಾಗ 'ಸುಯ್' ಎಂಬ ಶಬ್ದ ಎರಡು ವಾರದಿಂದ ಕೇಳುತ್ತಿತ್ತಂತೆ, ಬೈತಾರೆ ಅಂತ ಯಾರಿಗೂ ಹೇಳಲಿಲ್ಲ. ಲೀಕ್ ಇದ್ದರೆ ಕೊರತೆ ತುಂಬಿಸಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಹಾಗೆಯೇ ಆರು ತಿಂಗಳು ಓಡಿಸಿದ್ದರೆ ಕೊಟೇಶನ್ ನಿಜವಾಗುತ್ತಿತ್ತೋ ಏನೋ. ಶಬ್ದ ಕೇಳಿದ ದಿನವೇ ತಾರೀಕು, ಕಿಲೊಮೀಟರ್ ಹಾಕಿ ಮ್ಯಾನೇಜರಿಗೆ ವಾಟ್ಸಾಪ್ ಕಳಿಸಿದ್ದರೆ ಆ ಕಾಗದ ತಯಾರಾಗುತ್ತಲೇ ಇರಲಿಲ್ಲ.

ರಿಪೇರಿಗೆ ಮೊದಲಿನ, ನಂತರದ ರೀಡಿಂಗ್‌ಗಳನ್ನು ಪ್ರಿಂಟ್ ಮಾಡಿ, ಸೀಳಿದ ಪೈಪನ್ನು ಚೀಲದಲ್ಲಿ ಹಾಕಿ ಕೊಟ್ಟೆವು. ಅವರು ಅದನ್ನೇ ಮ್ಯಾನೇಜರ್ ಮೇಜಿನ ಮೇಲೆ ಇಟ್ಟರು. ಕಡಿತದ ಕಾಗದ ವಾಪಸ್ ತೆಗೆದುಕೊಂಡರು, ಕ್ಷಮೆ ಏನೂ ಕೇಳಲಿಲ್ಲ.

ಹೊರಗೆ ಪಾರ್ಕಿಂಗಿನಲ್ಲಿ ಅದೇ ಜಾತಿಯ ಗಾಡಿ ನಿಂತಿದೆ. ಫೋರ್‌ಮನ್ ಕೂಡ ಬಂದಿದ್ದಾರೆ. ಚಹಾ ಕುಡಿದು ಬನ್ನಿ, ಬಾನೆಟ್ ತೆರೆದು ಯಾವ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುತ್ತಾರೆ.